ಭಟ್ಟರ ಪಿಕಪ್ಪಿಗೆ ಎಂಜಿನ್ ಹುಡುಕಿದ್ದು

ಊರು ಬಿಟ್ಟು ಬಂದವರಿಗೆ ಡಾಕ್ಟರು, ವಕೀಲರು, ಆಡಿಟರು ಎಲ್ಲಿ ಬೇಕಾದರೂ ಸಿಗುತ್ತಾರೆ. ಸುಲಭಕ್ಕೆ ಸಿಗದವರೆಂದರೆ ಅಡುಗೆಯವರು. ಮನೆಯಲ್ಲಿ ಒಂದು ಸೀಮಂತವೋ ತಿಥಿಯೋ ಬಂದಾಗ ಈ ಸತ್ಯ ಹೊಳೆಯುತ್ತದೆ. ಚೆನ್ನೈನಲ್ಲಿ ಊಟಕ್ಕೇನೂ ಬರವಿಲ್ಲ. ಸಾಂಬಾರು, ರಸಂ, ಕೂಟು, ಪೊರಿಯಲ್ ಎಲ್ಲ ಅಚ್ಚುಕಟ್ಟು. ಆದರೆ ಎಲೆಯ ತುದಿಗೆ ಕೋಸಂಬರಿ ಬೀಳಬೇಕು, ಹುಳಿಗೆ ನಮ್ಮ ಹುಳಿಪುಡಿಯ ವಾಸನೆ ಇರಬೇಕು, ಕಡೆಗೆ ಒಂದು ಗೊಜ್ಜು ಇರಬೇಕು ಅಂದರೆ ಮಾತ್ರ ಹುಡುಕಾಟ ಶುರು. ನಮ್ಮ ಪುಣ್ಯಕ್ಕೆ ನಂಗನಲ್ಲೂರು, ಮಡಿಪಾಕ್ಕಂ, ಆದಂಬಾಕ್ಕಂ ಕಡೆಯ ಕನ್ನಡದ ಮನೆಗಳಿಗೆ ಒಬ್ಬ ಭಟ್ಟರಿದ್ದಾರೆ. ಕುಂದಾಪುರದ ಕಡೆಯವರು. ಹದಿನೇಳನೆಯ ವಯಸ್ಸಿಗೆ ಮದರಾಸಿನ ಹೋಟೆಲೊಂದಕ್ಕೆ ಬಂದು, ಪಾತ್ರೆ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಸ್ವಂತ ಅಡುಗೆ ಕಂಟ್ರಾಕ್ಟು ಹಿಡಿದವರು. ಆ ದಾರಿ ಹಳೆಯದು. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಿಂದಲೂ ಕರಾವಳಿಯ ಹುಡುಗರು ಈ ಊರಿನ ಒಲೆಗಳ ಮುಂದೆ ನಿಂತಿದ್ದಾರೆ.

ನಾನು ಮಂಡ್ಯದ ಕಡೆಯವನು. ಮೈಸೂರಿನಲ್ಲಿ ಎಂ.ಕಾಂ. ಮಾಡಿ ಬ್ಯಾಂಕು ಸೇರಿ, 1986ರಲ್ಲಿ ವರ್ಗವಾಗಿ ಮದರಾಸಿಗೆ ಬಂದೆ. ಆಮೇಲೆ ಎಲ್ಲೆಲ್ಲಿಗೆ ಹಾಕಿದರೂ ಸಂಸಾರ ಇಲ್ಲಿಂದ ಕದಲಲಿಲ್ಲ. ನಿವೃತ್ತಿಯಾದ ಮೇಲೆ ನಂಗನಲ್ಲೂರಿನ ಫ್ಲ್ಯಾಟಿನಲ್ಲಿ ಕೂತು ಪೇಪರ್ ಓದುವ ಜನರ ಗುಂಪಿಗೆ ನಾನೂ ಸೇರಿದೆ. ಇಂಥವನಿಗೆ ಹಳೆ ಎಂಜಿನ್ನಿನ ಸಹವಾಸ ಹೇಗೆ ಬಂತು ಅಂತ ನೀವು ಕೇಳಬಹುದು. ಭಟ್ಟರ ಪಿಕಪ್ಪಿನಿಂದ ಬಂತು.

ಭಟ್ಟರ ಆಸ್ತಿ ಅಂದರೆ ಮೂರು. ಹಂಡೆ, ಕೊಪ್ಪರಿಗೆ, ಗ್ಯಾಸ್ ಒಲೆಗಳ ಒಂದು ಸೆಟ್ಟು, ಅವರ ಕೈ, ಮತ್ತು 2009ನೇ ಇಸವಿಯ ಒಂದು ಮಹೀಂದ್ರಾ ಬೊಲೆರೊ ಪಿಕಪ್. ಬೆಳಗಿನ ಜಾವ ಮೂರು ಗಂಟೆಗೆ ಕೋಯಂಬೇಡಿನಿಂದ ತರಕಾರಿ ತರುವುದು, ಪಾತ್ರೆ ಪಗಡ ಛತ್ರಕ್ಕೆ ಹಾಕುವುದು, ರಾತ್ರಿ ಎಲ್ಲ ಮುಗಿದ ಮೇಲೆ ಆಳುಗಳನ್ನು ಮನೆಗೆ ಬಿಡುವುದು, ಎಲ್ಲಕ್ಕೂ ಅದೇ. ಬಾಡಿಗೆ ಗಾಡಿ ಮಾಡಿದರೆ ಒಂದು ಸಣ್ಣ ತಿಥಿಯ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ.

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈ ಮೇಲೆ ಸುರಿಯಿತು. ವೇಳಚ್ಚೇರಿ, ಪಳ್ಳಿಕರಣೈ, ಮಡಿಪಾಕ್ಕಂ ಕಡೆಯೆಲ್ಲ ಕೆರೆಯಾಯಿತು. ಅದು ಕೆರೆಯೇ ಆಗಿದ್ದ ಜಾಗ, ಕೆರೆ ತನ್ನ ಜಾಗಕ್ಕೆ ಬಂತು ಅಂತ ಹೇಳುವವರೂ ಉಂಟು. ಭಟ್ಟರ ಬೀದಿಯಲ್ಲಿ ಸೊಂಟದುದ್ದ ನೀರು. ಪಿಕಪ್ಪಿನ ಬಾನೆಟ್ಟಿನವರೆಗೂ ಮುಳುಗಿತ್ತು. ಎರಡು ದಿನ ಬಿಟ್ಟು ನೀರಿಳಿದ ಮೇಲೆ ಡ್ರೈವರ್ ಹುಡುಗ ಗಾಡಿಯನ್ನು ಸ್ವಲ್ಪ ಮುಂದೆ ನಿಲ್ಲಿಸೋಣ ಅಂತ ಕೀ ತಿರುಗಿಸಿದ. ಒಂದು ಸಲ 'ಟಕ್' ಅಂದು ನಿಂತಿತು. ಎರಡನೆ ಸಲ ತಿರುಗಿಸಿದ. ಮೂರನೆ ಸಲಕ್ಕೆ ಒಳಗೆ ಏನೋ ಮುರಿದ ಹಾಗೆ ಸದ್ದು ಬಂದು ಸುಮ್ಮನಾಯಿತು.

ಮಡಿಪಾಕ್ಕಮ್ಮಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ. ತಿರುನೆಲ್ವೇಲಿ ಕಡೆಯವರು, ಅದಕ್ಕೇ ಎಲ್ಲರಿಗೂ 'ಅಣ್ಣಾಚ್ಚಿ'. ಬಂದು ನೋಡಿ, ಗಾಳಿ ಎಳೆಯುವ ಕೊಳವೆ ಬಿಚ್ಚಿ, ಒಳಗೆ ಬೆರಳು ಹಾಕಿ ಕೆಸರು ತೆಗೆದು ತೋರಿಸಿದರು. "ತಣ್ಣಿ ಕುಡಿಚ್ಚಿರುಚ್ಚು ಸಾರ್." ನೀರು ಕುಡಿದುಬಿಟ್ಟಿದೆ.

ಆವತ್ತು ಅವರು ಹೇಳಿದ್ದನ್ನು ನಾನು ಇಲ್ಲಿ ನಿಮಗೂ ಹೇಳಿಬಿಡುತ್ತೇನೆ, ಯಾಕೆಂದರೆ ಮಳೆ ಬೆಂಗಳೂರಿಗೂ ಬರುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ಕಾಯುತ್ತದೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ನೀರು ಹಾಗೆ ಕುಗ್ಗುವ ಪೈಕಿ ಅಲ್ಲ. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೆ ಹೋಗಲಾರದು, ಕೆಳಗಿನಿಂದ ತಳ್ಳುವುದು ಬಿಡದು. ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡು ಬಾಗುತ್ತದೆ. ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ತಳ್ಳಿಕೊಂಡೋ ಎಳೆಸಿಕೊಂಡೋ ವರ್ಕ್‌ಶಾಪಿಗೆ ಒಯ್ದು, ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೀರು ಉಗುಳಿಸಿ, ಎಣ್ಣೆ ಬದಲಾಯಿಸಿದ ಮೇಲೆಯೇ ಕೀ ಮುಟ್ಟಬೇಕು. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಭಟ್ಟರೂ ಅವನಿಗೆ ಒಂದು ಮಾತು ಬೈಯಲಿಲ್ಲ. "ಅವನ ಮನೆಗೂ ನೀರು ಹೊಕ್ಕಿದೆ ಸಾರ್" ಅಂದರು.

ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ. ಅದರಿಂದ ನಮ್ಮ ಗಾಡಿಗೆ ಕಾಸು ಬರುವುದಿಲ್ಲ. ಹೊಸ ಪಿಕಪ್ಪಿನ ಮಾತೇ ಇಲ್ಲ. ಸಾಲ ಕೊಡುವವರು ಐವತ್ತೆಂಟು ವರ್ಷದ ಅಡುಗೆಯವರಿಗೆ ಆದಾಯದ ರಿಟರ್ನ್ ಕೇಳುತ್ತಾರೆ, ನಾನೂ ಆ ಕುರ್ಚಿಯಲ್ಲಿ ಕೂತಿದ್ದಾಗ ಕೇಳುತ್ತಿದ್ದವನೇ. ಕಾಲವೂ ಕಡಿಮೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಮಾರ್ಗಳಿ, ನಮ್ಮ ಧನುರ್ಮಾಸ, ಆಗ ಮದುವೆಗಳಿಲ್ಲ. ತೈ ತಿಂಗಳು ಹುಟ್ಟಿದರೆ ದಾರಿ ಹುಟ್ಟುತ್ತದೆ ಅನ್ನುವುದು ಇಲ್ಲಿನ ಗಾದೆ. ತೈ ಮೊದಲ ವಾರದಿಂದಲೇ ಭಟ್ಟರು ನಾಲ್ಕು ಮದುವೆಗೆ ಅಡ್ವಾನ್ಸ್ ಹಿಡಿದಿದ್ದರು. ಆ ಅಡ್ವಾನ್ಸ್ ಮನೆಗೆ ನುಗ್ಗಿದ ನೀರಿನ ರಿಪೇರಿಗೆ, ಹಾಳಾದ ಅಕ್ಕಿ ಬೇಳೆಗೆ ಹೋಗಿಯಾಗಿತ್ತು. ಇದ್ದದ್ದು ನಲವತ್ತು ದಿನ.

"ಎಂತ ಮಾಡುದು ಸಾರ್? ಗಾಡಿ ಆಗದಿದ್ರೆ ಊರಿಗೇ ಹೋಗಿಬಿಡುದು ಅಂತ ಇವಳು ಹೇಳ್ತಾಳೆ. ಊರಲ್ಲಿ ನಂಗೆ ಎಂತ ಉಂಟು? ತಮ್ಮನ ಮನೆ ಉಂಟು, ಅಷ್ಟೆ" ಅಂದರು ಭಟ್ಟರು. ನಮ್ಮ ಬಾಲ್ಕನಿಯಲ್ಲಿ ಕೂತು ಕಾಫಿ ಲೋಟ ಮುಟ್ಟದೆ ಹೇಳಿದ ಮಾತು. ಊರಿಗೆ ಹೋಗುವುದು ಅಂದರೆ ನಮಗೆಲ್ಲ ಸಂತೋಷದ ಮಾತು. ನಲವತ್ತೊಂದು ವರ್ಷ ಹೊರಗೆ ದುಡಿದು, ಸೋತು, ಕೈಯಾಡಿಸಿಕೊಂಡು ಊರಿಗೆ ಹೋಗುವುದು ಬೇರೆ.

ಅಣ್ಣಾಚ್ಚಿ ಎರಡು ದಾರಿ ಹೇಳಿದರು. ಒಂದು, ಪುದುಪೇಟೆಗೆ ಹೋಗಿ ಇದೇ ಮಾಡೆಲ್ಲಿನ ಹಳೆ ಎಂಜಿನ್ ಕೊಂಡು ತಂದು ಕೂರಿಸುವುದು. ನಾಲ್ಕು ದಿನದ ಕೆಲಸ. ಇನ್ನೊಂದು, ಇದೇ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ ಕಟ್ಟುವುದು. ಮೂರು ವಾರ. ಖರ್ಚು ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಭಟ್ಟರಿಗೆ ಮೊದಲನೆಯದೇ ಹಿಡಿಸಿತು. "ನೀವೂ ಬನ್ನಿ ಸಾರ್, ಕಾಗದ ಪತ್ರ ನೋಡ್ಲಿಕ್ಕೆ" ಅಂದರು. ಹಾಗೆ ನಾನು ಹೊರಟೆ.

ಪುದುಪೇಟೆ ಎಗ್ಮೋರ್ ಸ್ಟೇಷನ್ನಿಗೆ ಹತ್ತಿರ, ಕೂವಂ ನದಿಯ ಮಗ್ಗುಲಲ್ಲಿ. ಬೆಂಗಳೂರಿನವರಿಗೆ ಹೇಳಬೇಕಾದರೆ ಶಿವಾಜಿನಗರದ ಗುಜರಿಯನ್ನೂ ಜೆ.ಸಿ. ರೋಡನ್ನೂ ಒಟ್ಟು ಸೇರಿಸಿ ಇನ್ನಷ್ಟು ಒತ್ತಿ ತುಂಬಿದರೆ ಹೇಗೋ ಹಾಗೆ. ಒಂದು ಅಂಗಡಿಯಲ್ಲಿ ಬರೀ ಬಾಗಿಲುಗಳು, ಇನ್ನೊಂದರಲ್ಲಿ ಬರೀ ಸ್ಟೀರಿಂಗ್, ಮತ್ತೊಂದರಲ್ಲಿ ಹೆಡ್‌ಲೈಟುಗಳು ಕಣ್ಣುಗಳ ಹಾಗೆ ಸಾಲಾಗಿ ನೋಡುತ್ತಿರುತ್ತವೆ. ಎಂಜಿನ್ನುಗಳು ಫುಟ್‌ಪಾತಿನಲ್ಲೇ ಮರದ ತುಂಡಿನ ಮೇಲೆ ಕೂತಿರುತ್ತವೆ. ಹೆಡ್ಡು ಸಮೇತ ಪೂರ್ತಿ ಇದ್ದರೆ ಫುಲ್ ಎಂಜಿನ್, ಹೆಡ್ಡಿಲ್ಲದೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಮಾತ್ರ ಇದ್ದರೆ ಹಾಫ್ ಎಂಜಿನ್. ಮೂವತ್ತು ವರ್ಷ ನಾನು ಈ ಬೀದಿಯ ಹೊರಗಿನಿಂದಲೇ ಬಸ್ಸಿನಲ್ಲಿ ಹೋಗಿದ್ದೆ.

ಗಾಡಿಗಳು ನನಗೆ ಕಾಗದದ ಮೇಲೆ ಗೊತ್ತು. 1986ರಲ್ಲಿ ನಾನು ಸಾಲದ ವಿಭಾಗದಲ್ಲಿ ಕೂತಾಗ ಸಣ್ಣ ಲಾರಿಗಳ ಸುಗ್ಗಿ. ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಅಂತ ಜಪಾನಿನ ಹೆಸರುಗಳು ಸಾಲಾಗಿ ಬಂದಿದ್ದವು. ಅದೇ ವರ್ಷ ಟಾಟಾ 407ನೂ ಬಂತು. ಗಾಡಿಯನ್ನು ಬ್ಯಾಂಕಿಗೆ ಹೈಪಾಥಿಕೇಟ್ ಮಾಡುವಾಗ ನಾವೇ ಹೋಗಿ ಚಾಸಿ ನಂಬರಿನ ಮೇಲೆ, ಎಂಜಿನ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಿತ್ತು. ಬಿಸಿಲಲ್ಲಿ ಲಾರಿಯ ಅಡಿಗೆ ನುಸುಳಿ ಎಷ್ಟು ನಂಬರ್ ಉಜ್ಜಿದ್ದೇನೋ ಲೆಕ್ಕವಿಲ್ಲ. ಪುದುಪೇಟೆಗೆ ಹೊರಡುವಾಗ ಜೇಬಿನಲ್ಲಿ ಒಂದು ಮೆತ್ತನೆ ಪೆನ್ಸಿಲ್, ನಾಲ್ಕು ತೆಳು ಕಾಗದ ಇಟ್ಟುಕೊಂಡೆ. ನನ್ನ ಹೆಂಡತಿ ನೋಡಿ "ಇನ್ನೂ ರಿಟೈರ್ ಆಗಿಲ್ವೇನ್ರೀ?" ಅಂದಳು.

ಮೊದಲನೆ ಅಂಗಡಿಯಲ್ಲಿ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿಯೇ ತೋರಿಸಿದರು. ಒಂದೇ ಸೆಲ್ಫಿಗೆ ಹತ್ತಿತು. ಸದ್ದೂ ಚೆನ್ನಾಗಿತ್ತು. ಐವತ್ತೆರಡು ಸಾವಿರ. ಭಟ್ಟರ ಮುಖ ಅರಳಿತು. ಅಣ್ಣಾಚ್ಚಿ ಮಾತ್ರ ಏನೂ ಮಾತಾಡದೆ ಬ್ಲಾಕಿನ ಮೇಲೆ ಅಂಗೈ ಇಟ್ಟು ನೋಡಿದ್ದರು, ನಾವು ಬರುವ ಮೊದಲೇ ಅದು ಬಿಸಿಯಾಗಿತ್ತು. ಬಿಸಿ ಎಂಜಿನ್ ಹೇಗಾದರೂ ಹತ್ತುತ್ತದೆ, ತಣ್ಣಗಿರುವಾಗ ಹತ್ತಿಸಿ ತೋರಿಸಬೇಕು ಅನ್ನುವುದು ಅವರ ಲೆಕ್ಕ. ಓಡುತ್ತಿದ್ದಾಗಲೇ ಎಣ್ಣೆ ಹಾಕುವ ಮುಚ್ಚಳ ತೆಗೆದರು. ಒಳಗಿಂದ ಹೊಗೆ ಬುಸುಬುಸು ಅಂತ ಬಂತು. ಪಿಸ್ಟನ್ನಿನ ರಿಂಗುಗಳು ಸವೆದು, ಮೇಲೆ ಉರಿಯಬೇಕಾದದ್ದು ಕೆಳಕ್ಕೆ ಸೋರುತ್ತಿದೆ ಅಂತ ಅರ್ಥ. ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೋಳೆ ಬೇರೆ, ಎಣ್ಣೆಗೆ ನೀರು ಸೇರಿದ ಗುರುತು. "ನಮ್ಮದೂ ನೀರು ಕುಡಿದದ್ದು, ಇದೂ ನೀರು ಕುಡಿದದ್ದು. ಮತ್ತೆ ಇದಕ್ಕೆ ದುಡ್ಡು ಯಾಕೆ ಕೊಡುದು?" ಅಂದರು ಭಟ್ಟರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಎರಡನೆ ಅಂಗಡಿ. ಎಂಜಿನ್ ಒಣಗಿತ್ತು, ಬೆಲೆಯೂ ಕಡಿಮೆ, ನಲವತ್ತು ಸಾವಿರ. ಬಿಲ್ಲು ಕೇಳಿದೆ. "ಕೊಡ್ತೀವಿ ಸಾರ್, ಎಂಥ ಬಿಲ್ ಬೇಕೋ ಅಂಥದ್ದು" ಅಂದರು. ಬ್ಯಾಂಕಿನಲ್ಲಿ ಈ ಮಾತು ಕೇಳಿದ ತಕ್ಷಣ ನಾವು ಫೈಲು ಮುಚ್ಚುತ್ತಿದ್ದೆವು. ಆದರೂ ಇರಲಿ ಅಂತ ಪೆನ್ಸಿಲ್ ತೆಗೆದೆ. ಬ್ಲಾಕಿನ ಮೇಲೆ ನಂಬರ್ ಇರುವ ಜಾಗ ಒರೆಸಿ, ಕಾಗದ ಇಟ್ಟು ಉಜ್ಜಿದೆ. ಅಂಕಿಗಳು ಬಂದವು. ಅವುಗಳ ಹಿಂದೆ ಓರೆ ಓರೆ ಗೆರೆಗಳೂ ಬಂದವು, ಅಕ್ಕಿ ಜರಡಿ ಹಿಡಿದಂತೆ. ಎರಕದ ಮೈ ಇರಬೇಕಾದ ಕಡೆ ಗ್ರೈಂಡರ್ ಆಡಿಸಿದ ಗುರುತು. ಅಂಕಿಗಳೂ ಒಂದು ಮೇಲೆ, ಒಂದು ಕೆಳಗೆ, ಕೈಯಲ್ಲಿ ಒಂದೊಂದಾಗಿ ಬಡಿದಂತಿದ್ದವು. ಕಾಗದ ಮಡಿಸಿ ಜೇಬಿಗಿಟ್ಟು, "ಬರ್ತೀವಿ" ಅಂತ ಕನ್ನಡದಲ್ಲೇ ಹೇಳಿ ಹೊರಟೆ. ಭಟ್ಟರಿಗೆ ದಾರಿಯಲ್ಲಿ ವಿವರಿಸಿದೆ. ಎಂಜಿನ್ ಬದಲಾಯಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಆ ನಂಬರ್ ಎಲ್ಲಿಂದ ಬಂತು ಅಂದರೆ ತೋರಿಸಲು ಹಳೆ ಗಾಡಿಯ ಕಾಗದ ಬೇಕು. ಎಲ್ಲೋ ಯಾರೋ ಕಳೆದುಕೊಂಡ ಗಾಡಿಯ ಎಂಜಿನ್ ಆಗಿದ್ದರೆ ಪೊಲೀಸರು ಬರುವುದು ಅಂಗಡಿಯವನ ಹತ್ತಿರ ಅಲ್ಲ, ಭಟ್ಟರ ಹತ್ತಿರ. ವರ್ಷ ವರ್ಷ ಫಿಟ್ನೆಸ್ಸಿಗೆ ಹೋಗುವ ಗಾಡಿ, ನಂಬರ್ ನೋಡದೆ ಬಿಡುವುದಿಲ್ಲ.

ಇಡೀ ಪುದುಪೇಟೆ ಹೀಗೇ ಅಂತ ದಯವಿಟ್ಟು ತಿಳಿಯಬೇಡಿ. ಮೂರನೆ ಅಂಗಡಿಯ ಭಾಯ್ ನಮ್ಮ ಮಾತು ಕೇಳಿದವರೇ "ಬೆಂಗ್ಳೂರಾ ಸಾರ್? ಶಿವಾಜಿನಗರದಲ್ಲಿ ನಮ್ ಚಿಕ್ಕಪ್ಪ ಇದಾರೆ" ಅಂದರು. ಟೀ ತರಿಸಿದರು. ಅವರ ಹತ್ತಿರ ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಗಾಡಿಯೊಂದರ ಎಂಜಿನ್ ಇತ್ತು. ಆರ್‌ಸಿಯ ನಕಲು, ಇನ್ಶೂರೆನ್ಸ್ ಕಂಪನಿಯಿಂದ ಕೊಂಡ ರಸೀದಿ, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ. ಪೆನ್ಸಿಲ್ ಅಚ್ಚಿಗೂ ಕಾಗದಕ್ಕೂ ಅಂಕಿ ಅಂಕಿ ಹೊಂದಿತು. ಐವತ್ತೆಂಟು ಸಾವಿರ, ಕಡೆಗೆ ಐವತ್ತೈದು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಅಣ್ಣಾಚ್ಚಿಯ ಕೆಲಸ ಆಗ ಶುರುವಾಯಿತು. ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿ ಕೆಳಗಿನ ಎಣ್ಣೆ ತಟ್ಟೆ ಬಿಚ್ಚಲು ಅನುಮತಿ ಕೇಳಿದರು. ಭಾಯ್ ಒಪ್ಪಿದರು. ಒಂದು ಬೇರಿಂಗ್ ಕ್ಯಾಪು ಬಿಚ್ಚಿ, ಬಳೆ ಒಡೆದ ಅರ್ಧದಂತಿರುವ ಶೆಲ್ ತೆಗೆದು, ಅದರ ಬೆನ್ನು ಒರೆಸಿ ನನ್ನ ಕೈಗೆ ಕೊಟ್ಟರು. "ಓದಿ ಸಾರ್." 0.75 ಅಂತ ಕೊರೆದಿತ್ತು.

ಅದರ ಅರ್ಥ ಹೀಗೆ. ಕ್ರ್ಯಾಂಕ್ ಶಾಫ್ಟಿನ ದುಂಡು ಸವೆದಾಗ ಅದನ್ನು ಸಾಣೆ ಹಿಡಿದು ಕಾಲು ಮಿಲಿಮೀಟರ್ ಸಣ್ಣದು ಮಾಡುತ್ತಾರೆ, ಅಷ್ಟೇ ದಪ್ಪನೆಯ ಶೆಲ್ ಹಾಕುತ್ತಾರೆ. ಹೊಸದರಲ್ಲಿ ಬೆನ್ನ ಮೇಲೆ ಎಸ್‌ಟಿಡಿ ಅಂತ ಇರುತ್ತದೆ, ಆಮೇಲೆ 0.25, 0.50, 0.75. ಹೀಗೆ ಸಾಣೆ ಹಿಡಿಯುವುದಕ್ಕೆ ಒಂದು ಮಿತಿಯಿದೆ. ಓವರ್‌ಡ್ರಾಫ್ಟ್ ಇದ್ದಂತೆ. ಈ ಎಂಜಿನ್ ತನ್ನ ಲಿಮಿಟ್ಟನ್ನು ಬಹುತೇಕ ಎಳೆದು ಮುಗಿಸಿತ್ತು. ಕಾಗದ ಶುದ್ಧ, ಮಾರುವವರು ಪ್ರಾಮಾಣಿಕರು, ಎಂಜಿನ್ನೂ ಓಡುತ್ತದೆ. ಆದರೆ ಇನ್ನೊಮ್ಮೆ ಸವೆದರೆ ಮುಂದೆ ದಾರಿಯಿಲ್ಲ. ಭಾಯ್ ಆ ಶೆಲ್ ನೋಡಿ ತಲೆ ಅಲ್ಲಾಡಿಸಿ, "ಐದು ಸಾವಿರ ಇನ್ನೂ ಬಿಡ್ತೀನಿ. ಆದ್ರೆ ನಿಮಗೆ ಬೇಡ ಅನ್ನಿಸಿದ್ರೆ ಬೇಡ" ಅಂದರು. ಅವರ ಟೀ ಕುಡಿದ ಋಣಕ್ಕೆ ಆಮೇಲೆ ಅವರಲ್ಲೇ ಒಂದು ಕನೆಕ್ಟಿಂಗ್ ರಾಡು ಕೊಂಡೆವು.

ಮೂವತ್ತೈದು ವರ್ಷ ನಾನು ಕಾಗದ ನೋಡಿ ಗಾಡಿಗಳ ಯೋಗ್ಯತೆ ತೀರ್ಮಾನಿಸಿದ್ದೆ. ಕಾಗದ ಸುಳ್ಳಾದರೆ ಗಾಡಿ ಬೇಡ, ಅದು ಸರಿ. ಕಾಗದ ನಿಜವಾದರೂ ಎಂಜಿನ್ನಿನ ಆಯುಸ್ಸು ಅದರಲ್ಲಿ ಬರೆದಿರುವುದಿಲ್ಲ. ಅದು ಕಬ್ಬಿಣದ ಬೆನ್ನ ಮೇಲೆ ಬರೆದಿರುತ್ತದೆ. ಅದನ್ನು ಓದಲು ಬಲ್ಲವರು ಜೊತೆಗಿರಬೇಕು. ನಂಗನಲ್ಲೂರಿಗೆ ವಾಪಸು ಬರುವಾಗ ಅಣ್ಣಾಚ್ಚಿ ಹೇಳಿದ ಮಾತು ನನಗೆ ಸರಿ ಕಂಡಿತು. ಹಳೆ ಎಂಜಿನ್ ಕೊಂಡರೆ ಇನ್ನೊಬ್ಬರು ಹೇಗೆ ಓಡಿಸಿದರೋ ಅದನ್ನೂ ಕೊಂಡಂತೆ. ಭಟ್ಟರ ಎಂಜಿನ್ ಒಂದು ದಿನವೂ ಬಿಚ್ಚಿದ್ದಲ್ಲ. ಹದಿನಾಲ್ಕು ವರ್ಷ ಎಣ್ಣೆ ಬದಲಾಯಿಸಿದ್ದು ಭಟ್ಟರ ಲೆಕ್ಕದ ಪುಸ್ತಕದಲ್ಲಿದೆ, ಉಪ್ಪಿನಕಾಯಿಯ ಲೆಕ್ಕದ ಪಕ್ಕದಲ್ಲೇ. ಅದನ್ನೇ ಕಟ್ಟೋಣ. ನಂಬರ್ ಬದಲಾಗುವುದಿಲ್ಲ, ಆರ್‌ಟಿಒಗೆ ಅಲೆಯುವುದೂ ಬೇಡ.

ಬಿಚ್ಚಿದರು. ಹೆಡ್ಡು ತೆಗೆದು ಪಿಸ್ಟನ್ನುಗಳನ್ನು ಒಂದೊಂದಾಗಿ ತುದಿಗೆ ತಂದು ನೋಡಿದರೆ, ಮೂರನೆಯದು ಉಳಿದ ಮೂರಕ್ಕಿಂತ ಒಂದಿಷ್ಟು ತಗ್ಗಿನಲ್ಲೇ ನಿಂತಿತು. ಅದರ ರಾಡು ಬಾಗಿತ್ತು. ಸಿಲಿಂಡರಿನ ಒಳಗೆ ಗೀರು. ಬೇರಿಂಗ್ ಶೆಲ್ಲಿನ ಬೆನ್ನ ಮೇಲೆ ಮಾತ್ರ ಎಸ್‌ಟಿಡಿ ಅಂತ ಇತ್ತು. ಬ್ಲಾಕು ಒಡೆದಿರಲಿಲ್ಲ. ಭಟ್ಟರು ಆ ಬ್ಲಾಕಿಗೆ ಕೈ ಮುಗಿದರು.

ಅಣ್ಣಾಚ್ಚಿಯ ಎಣ್ಣೆ ಮೆತ್ತಿದ ಮ್ಯಾನ್ಯುಯಲ್ಲಿನಲ್ಲಿ ನಾನು ಅಳತೆ ನೋಡಿದೆ. ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಇದೇನು ಇಂಥ ವಿಚಿತ್ರ ಅಂಕಿ ಅಂತ 25.4ರಿಂದ ಭಾಗಿಸಿದೆ, ಅಂಕಿ ಕಂಡರೆ ಭಾಗಿಸುವುದು ನನ್ನ ಚಾಳಿ. ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ನಾಲ್ಕು ಸಿಲಿಂಡರ್ ಸೇರಿ 2523 ಸಿಸಿ. "ಇದು ಟ್ರಾಕ್ಟರ್ ವಂಶ ಸಾರ್" ಅಂದರು ಅಣ್ಣಾಚ್ಚಿ. ಅವರು ಮೊದಲು ಟ್ರಾಕ್ಟರ್ ವರ್ಕ್‌ಶಾಪಿನಲ್ಲಿದ್ದವರು. ಮಹೀಂದ್ರಾದವರು 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಬಿ-275 ಟ್ರಾಕ್ಟರ್ ಮಾಡಲು ಶುರು ಮಾಡಿದರು. ಆ ಮನೆತನದ ಇಂಚಿನ ಅಳತೆಯೇ ಈ ಪಿಕಪ್ಪಿನವರೆಗೂ ಬಂದಿದೆ. ನಮ್ಮ ದೊಡ್ಡಪ್ಪನ ಹತ್ತಿರ ಇದ್ದದ್ದೂ ಅದೇ ಇಂಟರ್‌ನ್ಯಾಷನಲ್. ಕಬ್ಬಿನ ಗದ್ದೆಯಿಂದ ಆಲೆಮನೆಗೆ ಹೋಗುವಾಗ ಅದರ ಮಡ್‌ಗಾರ್ಡ್ ಮೇಲೆ ಕೂತದ್ದು ನೆನಪಾಯಿತು. ಮಡಿಪಾಕ್ಕಮ್ಮಿನ ಶೆಡ್ಡಿನಲ್ಲಿ ಬಿಚ್ಚಿಟ್ಟ ಎಂಜಿನ್ ಒಮ್ಮೆಗೇ ಪರಿಚಯದವರಂತೆ ಕಂಡಿತು.

ಆಮೇಲಿನ ಹದಿನೆಂಟು ದಿನ ನಾನು ದಿನಾ ಶೆಡ್ಡಿಗೆ ಹೋದೆ. ಬ್ಲಾಕು, ಕ್ರ್ಯಾಂಕು ಗಿಂಡಿಯ ಕೈಗಾರಿಕಾ ವಸಾಹತಿನ ಲೇಥ್ ಅಂಗಡಿಗೆ ಹೋದವು. ಅಲ್ಲಿ ಸಿಲಿಂಡರುಗಳನ್ನು ಬೋರ್ ಮಾಡಿ ಹೊಸ ಲೈನರ್ ಕೂರಿಸಿದರು. ಕ್ರ್ಯಾಂಕನ್ನು ಮೊದಲ ಸಾಣೆಗೆ, 0.25ಕ್ಕೆ ತಂದರು. ಇನ್ನೂ ಎರಡು ಸಲಕ್ಕೆ ಲಿಮಿಟ್ ಉಳಿಯಿತು. ಈ ಊರಿನಲ್ಲಿ ಇಂಥ ಕೆಲಸಕ್ಕೆ ಕೈ ಪಳಗಿದೆ. ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್, ಸೆಂಬಿಯಂನಲ್ಲಿ ಇಂಡಿಯಾ ಪಿಸ್ಟನ್ಸ್ ಇವುಗಳ ನೆರಳಿನಲ್ಲಿ ಅಪ್ಪ ಮಕ್ಕಳು ಲೇಥ್ ಹಿಡಿದು ಬೆಳೆದಿದ್ದಾರೆ. ಕೂದಲೆಳೆಗಿಂತ ಸಣ್ಣ ಅಂತರವನ್ನು ಡಯಲ್ ಗೇಜ್ ಇಟ್ಟು ಓದುವ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದವನಲ್ಲ.

ಡೀಸೆಲ್ ಪಂಪ್ ಬಿಚ್ಚುವ ಅಂಗಡಿ ಬೇರೆ. ಅಲ್ಲಿನವರು "ಮೈಕೋ ಪಂಪು, ಒರಿಜಿನಲ್" ಅಂದಾಗ ನಾನು ಭಟ್ಟರ ಮುಖ ನೋಡಿದೆ. ಮೈಕೋ ಅಂದರೆ ನಮ್ಮ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆ, 1951ರಲ್ಲಿ ಹುಟ್ಟಿದ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಅಂತಾಯಿತು. ಬೆಂಗಳೂರಲ್ಲಿ ಆ ಹೆಸರು ಮೈಕೋ ಲೇಔಟಿನಲ್ಲಿ ಉಳಿದಿದೆ, ಇಲ್ಲಿ ಪಂಪ್ ರಿಪೇರಿಯವರ ಬಾಯಲ್ಲಿ ಉಳಿದಿದೆ.

ಈಗ ದುಡ್ಡಿನ ಮಾತು, ಬ್ಯಾಂಕಿನವನು ಅದನ್ನು ಬಿಟ್ಟರೆ ನೀವು ನಂಬುವುದಿಲ್ಲ. ಪಿಸ್ಟನ್, ಲೈನರ್, ರಿಂಗಿಗೆ 14,500. ಹೆಡ್ಡು, ವಾಲ್ವಿನ ಕೆಲಸಕ್ಕೆ 8,500. ಹಳೆ ರಾಡು ಒಂದು, ಉಳಿದವುಗಳ ನೇರ ನೋಡಿಸಿದ್ದು ಸೇರಿ 3,200. ಕ್ರ್ಯಾಂಕ್ ಸಾಣೆ 2,800. ಬೇರಿಂಗ್ 4,600. ಬ್ಲಾಕಿನ ಬೋರಿಂಗ್ 5,000. ಪಂಪು, ಇಂಜೆಕ್ಟರ್ 13,500. ಎಣ್ಣೆ ಪಂಪು, ನೀರಿನ ಪಂಪು, ಗ್ಯಾಸ್ಕೆಟ್ಟು 9,400. ಎಣ್ಣೆ, ಫಿಲ್ಟರ್, ಕೂಲೆಂಟ್ 4,000. ಅಣ್ಣಾಚ್ಚಿಯ ಕೂಲಿ 14,000. ಒಟ್ಟು 79,500. ಮೂರನೆ ಅಂಗಡಿಯ ಎಂಜಿನ್ನಿಗಿಂತ ಇಪ್ಪತ್ತೈದು ಸಾವಿರ ಜಾಸ್ತಿ.

ಭಟ್ಟರ ಹತ್ತಿರ ಇದ್ದದ್ದು ಮೂವತ್ತು. ಉಳಿದದ್ದನ್ನು ನಾನು ಕೊಡುತ್ತೇನೆ ಅಂದೆ. "ಬೇಡ ಸಾರ್. ನಿಮ್ಮ ಹತ್ರ ದುಡ್ಡು ತಕೊಂಡ್ರೆ ನಾಳೆ ನಿಮ್ಮ ಮನೆಗೆ ಅಡಿಗೆಗೆ ಬರುವಾಗ ನಾನು ಆಳು ಆಗ್ತೇನೆ. ಈಗ ನಾನು ನಿಮ್ಮ ಭಟ್ಟ" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅವರ ಹೆಂಡತಿ ಎರಡು ಬಳೆ ಕರ್ಚೀಫಿನಲ್ಲಿ ಕಟ್ಟಿಕೊಂಡು ಬೀದಿ ತುದಿಯ ಗಿರವಿ ಅಂಗಡಿಗೆ ಹೊರಟಿದ್ದರು. ನನ್ನ ಹೆಂಡತಿ ಹಿಡಿದು ನಿಲ್ಲಿಸಿದಳು. ಇಷ್ಟರಲ್ಲಿ ನನ್ನ ಓದು ಉಪಯೋಗಕ್ಕೆ ಬಂತು. ಗಿರವಿಯವರ ತಿಂಗಳ ಬಡ್ಡಿಯನ್ನು ವರ್ಷಕ್ಕೆ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಟ್ಟೆ, ಬ್ಯಾಂಕಿನ ಚಿನ್ನದ ಸಾಲದ ಬಡ್ಡಿಯನ್ನೂ ಪಕ್ಕದಲ್ಲಿ ಬರೆದೆ. ನೋಡಿದವರೇ ಬ್ಯಾಂಕಿಗೆ ನಡೆದರು. ಬಳೆ ತೂಗುವಾಗ ನಾನೂ ಜೊತೆಗಿದ್ದೆ. ಆಕೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಸಹಿ ಹಾಕಿದರು. ಇಂಥ ಸಾಲಗಳನ್ನು ನಾನು ಸಾವಿರ ಮಂಜೂರು ಮಾಡಿರಬಹುದು. ಕೌಂಟರಿನ ಈಚೆ ನಿಂತು ನೋಡಿದ್ದು ಅದೇ ಮೊದಲು.

ಜನವರಿ ಎರಡನೆ ವಾರ, ಪೊಂಗಲ್ಲಿಗೆ ನಾಲ್ಕು ದಿನ ಇರುವಾಗ ಎಂಜಿನ್ ಗಾಡಿಯೊಳಗೆ ಕೂತಿತು. ಬೆಳಿಗ್ಗೆ ಆರಕ್ಕೆ, ಪೂರಾ ತಣ್ಣಗಿರುವಾಗ, ಅಣ್ಣಾಚ್ಚಿ ಕೀಯನ್ನು ಭಟ್ಟರ ಕೈಗೆ ಕೊಟ್ಟರು. ಭಟ್ಟರು ಅದನ್ನು ಡ್ರೈವರ್ ಹುಡುಗನ ಕೈಗೆ ಕೊಟ್ಟರು. "ನೀನೇ ಹತ್ತಿಸು" ಅಂತ ತಮಿಳಿನಲ್ಲಿ ಹೇಳಿದರು. ಹುಡುಗನ ಕೈ ನಡುಗುತ್ತಿತ್ತು. ಎರಡನೆ ಸೆಲ್ಫಿಗೆ ಹತ್ತಿತು. ಮೊದಲು ಒಂದಿಷ್ಟು ಬಿಳಿ ಹೊಗೆ, ಆಮೇಲೆ ಅದೂ ಇಲ್ಲ. ಅಣ್ಣಾಚ್ಚಿ ಎಣ್ಣೆ ಮುಚ್ಚಳ ತೆಗೆದು ನನಗೆ ತೋರಿಸಿದರು, ಬುಸುಗುಟ್ಟುವ ಹೊಗೆ ಇರಲಿಲ್ಲ. ಮೊದಲ ಸಾವಿರ ಕಿಲೋಮೀಟರ್ ಭಾರ ಕಡಿಮೆ, ವೇಗ ಕಡಿಮೆ. ರಿಂಗು ಲೈನರು ಒಂದಕ್ಕೊಂದು ಹೊಂದಿಕೊಳ್ಳಬೇಕು. ಆಮೇಲೆ ಎಣ್ಣೆ ಬದಲು. ಮೊದಲ ಎರಡು ಮದುವೆಗೆ ಪಾತ್ರೆಗಳು ಎರಡೆರಡು ಟ್ರಿಪ್ಪಿನಲ್ಲಿ ಹೋದವು.

ಆ ವರ್ಷದ ಮುಹೂರ್ತಗಳು ಮುಗಿಯುವಷ್ಟರಲ್ಲಿ ಬಳೆಗಳು ಬ್ಯಾಂಕಿನಿಂದ ಬಂದವು. 2024ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಎಚ್ಚರಿಕೆ ಬಂದಾಗ ವೇಳಚ್ಚೇರಿಯ ಜನ ಕಾರುಗಳನ್ನೆಲ್ಲ ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಭಟ್ಟರ ಪಿಕಪ್ಪೂ ಆ ಸಾಲಿನಲ್ಲಿತ್ತು. ಹುಡುಗ ಮೋಡ ಕಟ್ಟುವ ಮೊದಲೇ ಜಾಗ ಹಿಡಿದಿದ್ದ.

ಅಣ್ಣಾಚ್ಚಿ ಕೂಲಿಯ ಮೇಲೆ ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಮುಂದಿನ ತೈಯಲ್ಲಿ ಮಗಳ ಮದುವೆ, ಅಡುಗೆ ಭಟ್ಟರದ್ದೇ ಆಗಬೇಕು ಅಂದರು. ತಿರುನೆಲ್ವೇಲಿ ಕಡೆ ಮದುವೆಯ ಮಾರನೆ ದಿನ ಸೊದಿ ಮಾಡಬೇಕು. ತೆಂಗಿನ ಹಾಲು, ಹೆಸರುಬೇಳೆ, ತರಕಾರಿ ಹಾಕಿದ ತೆಳು ಸಾರು, ಜೊತೆಗೆ ಶುಂಠಿ ಪಚ್ಚಡಿ. ಭಟ್ಟರು ಅದನ್ನು ಎಂದೂ ಮಾಡಿರಲಿಲ್ಲ. ಅಣ್ಣಾಚ್ಚಿಯ ತಾಯಿಯ ಹತ್ತಿರ ಎರಡು ಮಧ್ಯಾಹ್ನ ಕೂತು ಕಲಿತರು, ಅಳತೆಯನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ನಮ್ಮನ್ನೂ ಕರೆದಿದ್ದರು. ಸೊದಿ ಬಡಿಸಿದಾಗ ಅಣ್ಣಾಚ್ಚಿ ಒಂದು ತುತ್ತು ತಿಂದು, ಏನೂ ಹೇಳದೆ, ಇನ್ನೂ ಸ್ವಲ್ಪ ಅಂತ ಎಲೆ ತೋರಿಸಿದರು.